ಮಾತ್ರೆಯೋ, ಅಯೋಡಿನ್ನೋ, ಆಪರೇಷನ್ನೋ? ಥೈರಾಯ್ಡ್ ಜಾಸ್ತಿ ಇರುವವರಿಗೆ ಒಂದು ಹೋಲಿಕೆ

ಈ ತಿಂಗಳು ಮೂವರು ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದರು. ಒಬ್ಬರು ಮಲ್ಪೆಯವರು. ಅವರ ಗಂಡ ಆಳಸಮುದ್ರದ ಬೋಟಿನಲ್ಲಿ ದುಡಿಯುವವರು, ಕಾಯಿಲೆ ಗಂಡನಿಗೆ. ಇನ್ನೊಬ್ಬಳು ಸುರತ್ಕಲ್ ಕಡೆಯ ಹುಡುಗಿ, ಬರುವ ವರ್ಷ ಮದುವೆ. ಮೂರನೆಯವರು ಯಕ್ಷಗಾನ ಮೇಳದ ಭಾಗವತರು. ಮೂವರಿಗೂ ಥೈರಾಯ್ಡ್ ಜಾಸ್ತಿ, ಅಂದರೆ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ಹಾರ್ಮೋನ್ ರಕ್ತದಲ್ಲಿ ಬೇಕಾದ್ದಕ್ಕಿಂತ ಹೆಚ್ಚು. ಮೂವರ ಮುಂದೆಯೂ ಡಾಕ್ಟರು ಮೂರು ದಾರಿ ಇಟ್ಟಿದ್ದಾರೆ: ಮಾತ್ರೆ, ರೇಡಿಯೋ ಅಯೋಡಿನ್ (ನುಂಗಿ ಗ್ರಂಥಿಯನ್ನು ಒಳಗಿಂದಲೇ ಸುಡುವ ವಿಕಿರಣದ ಅಯೋಡಿನ್), ಆಪರೇಷನ್. "ನೀವು ಎರಡು ನೋಡಿದವರಲ್ವಾ, ಯಾವುದು ಒಳ್ಳೆಯದು ಹೇಳಿ" ಎಂದರು.

ನಾನು ಡಾಕ್ಟರ್ ಅಲ್ಲ. ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ಆದರೆ ಏಳು ವರ್ಷ ಈ ಕಾಯಿಲೆ ಜೊತೆ ಬದುಕಿದ್ದೇನೆ. ಹದಿನೆಂಟು ತಿಂಗಳು ಮಾತ್ರೆ ತಿಂದೆ, ವಾಸಿಯಾಯಿತು ಅಂದುಕೊಂಡೆ, ಮತ್ತೆ ಬಂತು, ಆಮೇಲೆ ಅಯೋಡಿನ್ ನುಂಗಿದೆ. ದೊಡ್ಡಮ್ಮನ ಮಗಳು ಆಪರೇಷನ್ ಮಾಡಿಸಿಕೊಂಡಾಗ ಆಸ್ಪತ್ರೆಯಲ್ಲಿ ಜೊತೆಗಿದ್ದವಳೂ ನಾನೇ.

ನನಗೆ ಇದು ಮೊದಲು ಗೊತ್ತಾದದ್ದು ಮಲ್ಲಿಗೆಯಿಂದ. ನಮ್ಮದು ಶಂಕರಪುರದ ಹತ್ತಿರ. ಬೆಳಿಗ್ಗೆ ಕೊಯ್ದ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡಿ ಕಳಿಸುವುದು ಮನೆಕೆಲಸದ ಹಾಗೇ ನಡೆಯುತ್ತದೆ. ಒಂದು ದಿನ ಗಂಟು ಕೂರಲೇ ಇಲ್ಲ. ಬೆರಳು ನಿಲ್ಲುತ್ತಿರಲಿಲ್ಲ. "ಎಂತ ಮಾರಾಯ್ತಿ, ಚಳಿಯಾ?" ಅಂತ ಅತ್ತೆ ಕೇಳಿದರು. ಏಪ್ರಿಲ್ ತಿಂಗಳು, ನನ್ನ ರವಿಕೆ ಬೆವರಿಗೆ ಒದ್ದೆ! ಎರಡು ತಿಂಗಳಲ್ಲಿ ಆರು ಕಿಲೋ ಇಳಿದಿದ್ದೆ. ಹಸಿವು ಮಾತ್ರ ಜಾಸ್ತಿ. ಡಾಕ್ಟರು ಕೈ ಮುಂದೆ ಚಾಚಲು ಹೇಳಿ, ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಪಟಪಟ ಅಂತ ನಡುಗಿತು. ರಕ್ತ ಪರೀಕ್ಷೆಗೆ ಚೀಟಿ ಬರೆಯುವ ಮೊದಲೇ ಅವರಿಗೆ ಗೊತ್ತಾಗಿತ್ತು.

ಮೂವರಿಗೂ ನಾನು ಮೊದಲು ಹೇಳಿದ್ದು ಒಂದೇ ಮಾತು. ಈ ಮೂರರಲ್ಲಿ ಯಾವುದೂ ಪುಕ್ಕಟೆ ಅಲ್ಲ. ಮಾತ್ರೆಯಲ್ಲಿ ಕಾಯಿಲೆ ಮತ್ತೆ ಬರುವ ಭಯ ಉಂಟು. ಉಳಿದ ಎರಡರಲ್ಲಿ ಹೆಚ್ಚಿನವರಿಗೆ ಜಾಸ್ತಿಯಾದದ್ದು ಹೋಗಿ ಕಡಿಮೆಯಾಗುತ್ತದೆ, ಅದಕ್ಕೆ ಜೀವನಪೂರ್ತಿ ಬೇರೆ ಮಾತ್ರೆ. ಯಾವ ತಾಪತ್ರಯವನ್ನು ನಿಮ್ಮ ಮನೆ, ನಿಮ್ಮ ಕೆಲಸ ತಡೆದುಕೊಳ್ಳುತ್ತದೆ ಅನ್ನುವುದರ ಮೇಲೆ ಆಯ್ಕೆ ನಿಲ್ಲುತ್ತದೆ.

ಮೊದಲು ಕಾರಣ ಕೇಳಿ

ಥೈರಾಯ್ಡ್ ಜಾಸ್ತಿ ಎಂದರೆ ಜ್ವರ ಇದೆ ಎಂದ ಹಾಗೆ. ಯಾತಕ್ಕೆ ಅಂತ ತಿಳಿಯದೆ ಮುಂದೆ ಹೋಗಬಾರದು. ರಕ್ತ ಪರೀಕ್ಷೆಯಲ್ಲಿ ಟಿಎಸ್ಎಚ್ (ಗ್ರಂಥಿಗೆ ಕೆಲಸ ಮಾಡು ಎನ್ನುವ ಹಾರ್ಮೋನ್) ತಳ ಸೇರಿ, ಗ್ರಂಥಿಯದೇ ಹಾರ್ಮೋನುಗಳಾದ ಟಿ3, ಟಿ4 ಮೇಲೇರಿದ್ದರೆ ಹಾರ್ಮೋನ್ ಜಾಸ್ತಿ ಇದೆ ಎಂದಷ್ಟೇ ಗೊತ್ತಾಗುತ್ತದೆ.

ಹೆಚ್ಚಿನವರಿಗೆ ಇರುವುದು ಗ್ರೇವ್ಸ್ ಕಾಯಿಲೆ. 1835ರಲ್ಲಿ ಇದನ್ನು ವಿವರಿಸಿದ ಐರ್ಲೆಂಡಿನ ಡಾಕ್ಟರ್ ರಾಬರ್ಟ್ ಗ್ರೇವ್ಸ್ ಹೆಸರು ಅದಕ್ಕೆ. ನಮ್ಮದೇ ಮೈಯ ಪ್ರತಿಕಾಯಗಳು ಗ್ರಂಥಿಯನ್ನು ಸುಮ್ಮನಿರಲು ಬಿಡುವುದಿಲ್ಲ, ತಿವಿಯುತ್ತಲೇ ಇರುತ್ತವೆ. ಟ್ರಾಬ್ ಅನ್ನುವ ರಕ್ತ ಪರೀಕ್ಷೆಯಲ್ಲಿ ಇದು ಸಿಗುತ್ತದೆ. ಎರಡನೆಯದು ಗಂಟಿನ ಥೈರಾಯ್ಡ್. ಗ್ರಂಥಿಯೊಳಗೆ ಒಂದೋ ಹಲವೋ ಗಂಟು ಬೆಳೆದು, ಯಾರ ಮಾತೂ ಕೇಳದೆ ಹಾರ್ಮೋನ್ ಸುರಿಸುತ್ತವೆ. ಇದು ವಯಸ್ಸಾದವರಲ್ಲಿ ಜಾಸ್ತಿ. ಮೂರನೆಯದು ಥೈರಾಯ್ಡೈಟಿಸ್, ಅಂದರೆ ಗ್ರಂಥಿಯ ಉರಿಯೂತ. ಹೆರಿಗೆಯಾದ ಕೆಲವು ತಿಂಗಳಲ್ಲೋ ವೈರಲ್ ಜ್ವರದ ಬೆನ್ನಿಗೋ ಬರುತ್ತದೆ. ಕೂಡಿಟ್ಟ ಹಾರ್ಮೋನ್ ಸೋರಿಹೋಗುತ್ತದೆ ಅಷ್ಟೇ, ಹೊಸದಾಗಿ ತಯಾರಾಗುವುದಿಲ್ಲ.

ಈ ಮೂರನೆಯ ಗುಂಪಿನವರು ಈ ಲೇಖನ ಇಲ್ಲಿಗೇ ಮಡಚಿಡಬಹುದು. ನಿಮಗೆ ಮೂರರಲ್ಲಿ ಒಂದೂ ಬೇಡ. ಎದೆಬಡಿತಕ್ಕೆ ಮಾತ್ರೆ ತೆಗೆದುಕೊಂಡು ಕಾಯುವುದು, ಆಗಾಗ ರಕ್ತ ಪರೀಕ್ಷೆ. ಇದನ್ನು ಒತ್ತಿ ಹೇಳಲು ಕಾರಣ ಉಂಟು. ಬಾಣಂತಿಯೊಬ್ಬರಿಗೆ ಟ್ರಾಬ್, ಸ್ಕ್ಯಾನ್ ಯಾವುದೂ ಮಾಡಿಸದೆ ನಾಲ್ಕು ತಿಂಗಳು ಕಾರ್ಬಿಮಜೋಲ್ ಎಂಬ ಥೈರಾಯ್ಡ್ ಮಾತ್ರೆ ತಿನ್ನಿಸಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಗ್ರಂಥಿ ಏನನ್ನೂ ತಯಾರಿಸದೆ ಇರುವಾಗ ತಯಾರಿ ನಿಲ್ಲಿಸುವ ಮಾತ್ರೆಯಿಂದ ಎಂತ ಪ್ರಯೋಜನ?

ಕಾರಣ ಗೊತ್ತಾದ ಮೇಲೆ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಒಂದು ವರ್ಷದೊಳಗೆ ಮಗು ಬೇಕಾ? ಕಣ್ಣು ಉಬ್ಬಿದೆಯಾ, ಉರಿಯುತ್ತದೆಯಾ, ಒಂದು ವಸ್ತು ಎರಡಾಗಿ ಕಾಣುತ್ತದೆಯಾ? ಬೀಡಿ, ಸಿಗರೇಟು ಉಂಟಾ? ಮಲಗಿದಾಗ ಕುತ್ತಿಗೆ ಒತ್ತಿದ ಹಾಗೆ ಆಗುತ್ತದೆಯಾ? ಮನೆಯಲ್ಲಿ ಪುಟ್ಟ ಮಕ್ಕಳು, ಬಸುರಿಯರು ಯಾರಾದರೂ ಇದ್ದಾರಾ? ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸುವಷ್ಟು ಹತ್ತಿರದಲ್ಲಿ ಇರುತ್ತೀರಾ? ಗಂಟಲು ನಂಬಿ ಅನ್ನ ತಿನ್ನುವವರಾ? ವಯಸ್ಸು ಅರವತ್ತು ದಾಟಿ ಎದೆಬಡಿತ ತಾಳ ತಪ್ಪುತ್ತಿದೆಯಾ? ಉತ್ತರಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋದರೆ ಡಾಕ್ಟರ ಎದುರಿನ ಹತ್ತು ನಿಮಿಷ ಪೋಲಾಗುವುದಿಲ್ಲ.

ಮಾತ್ರೆಯ ದಾರಿ

ನಮ್ಮಲ್ಲಿ ಸಾಮಾನ್ಯವಾಗಿ ಕೊಡುವುದು ಕಾರ್ಬಿಮಜೋಲ್. ಗ್ರಂಥಿ ಹೊಸ ಹಾರ್ಮೋನ್ ತಯಾರಿಸುವುದನ್ನು ಇದು ತಡೆಯುತ್ತದೆ. ಗೋದಾಮಿನಲ್ಲಿ ಆಗಲೇ ಇರುವ ಸರಕು ಖರ್ಚಾಗುವವರೆಗೆ ಕಾಯಬೇಕು, ಹಾಗಾಗಿ ಒಂದೆರಡು ತಿಂಗಳು ಹಿಡಿಯುತ್ತದೆ. ಅಷ್ಟರವರೆಗೆ ನಡುಕ, ಎದೆಬಡಿತಕ್ಕೆ ಪ್ರೊಪ್ರನಲಾಲ್ ಕೊಡುತ್ತಾರೆ. ಅಸ್ತಮಾ ಇರುವವರು ಮೊದಲೇ ಹೇಳಿಬಿಡಬೇಕು, ಅವರಿಗೆ ಅದು ಆಗದು.

ಗ್ರೇವ್ಸ್ ಆದರೆ 12ರಿಂದ 18 ತಿಂಗಳು ಮಾತ್ರೆ ತಿಂದು ನಿಲ್ಲಿಸಿ ನೋಡುತ್ತಾರೆ. ಸುಮಾರು ಅರ್ಧ ಜನರಿಗೆ ಮತ್ತೆ ಬರುವುದಿಲ್ಲ. ಉಳಿದರ್ಧಕ್ಕೆ ಬರುತ್ತದೆ, ಹೆಚ್ಚಾಗಿ ಮೊದಲ ವರ್ಷದಲ್ಲೇ. ಗ್ರಂಥಿ ದೊಡ್ಡದಿದ್ದರೆ, ಕೊನೆಯಲ್ಲೂ ಟ್ರಾಬ್ ಇಳಿಯದಿದ್ದರೆ, ಸೇದುವ ಚಟ ಇದ್ದರೆ ಮರಳುವ ಸಾಧ್ಯತೆ ಜಾಸ್ತಿ. ನನ್ನ ಟ್ರಾಬ್ ಇಳಿದಿರಲಿಲ್ಲ. ನಿಲ್ಲಿಸುವ ಮೊದಲು ಅದನ್ನು ನೋಡಬೇಕು ಅಂತ ನನಗೂ ಗೊತ್ತಿರಲಿಲ್ಲ, ಯಾರೂ ಹೇಳಲೂ ಇಲ್ಲ. ಗಂಟಿನ ಥೈರಾಯ್ಡಿನಲ್ಲಿ ಮಾತ್ರೆ ಹಿಡಿತದಲ್ಲಿ ಇಡುತ್ತದೆ, ಗುಣ ಮಾಡುವುದಿಲ್ಲ. ಬಿಟ್ಟ ಕೂಡಲೇ ಹಳೇ ಕತೆ.

ಈ ದಾರಿಯ ದೊಡ್ಡ ಲಾಭ, ಏನೂ ಕೈಬಿಟ್ಟು ಹೋಗುವುದಿಲ್ಲ. ಬೇಡವೆನಿಸಿದರೆ ಉಳಿದೆರಡು ಬಾಗಿಲು ತೆರೆದೇ ಇರುತ್ತವೆ. ನಷ್ಟ, ಓಡಾಟ. ಮೊದಮೊದಲು ನಾಲ್ಕರಿಂದ ಆರು ವಾರಕ್ಕೊಮ್ಮೆ ರಕ್ತ ಕೊಡಬೇಕು, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ.

ಅಪರೂಪಕ್ಕೆ, ಸಾವಿರಕ್ಕೆ ಎರಡರಿಂದ ಐದು ಜನರಿಗೆ, ಈ ಮಾತ್ರೆಯಿಂದ ಬಿಳಿ ರಕ್ತಕಣ ಕುಸಿದುಬಿಡುತ್ತದೆ. ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಗುರುತು: ಜ್ವರ, ಗಂಟಲು ನೋವು, ಬಾಯಿ ಹುಣ್ಣು. ಅಂಥಾದ್ದು ಕಂಡರೆ ಕಷಾಯ ಕುಡಿದು ಕೂರಬೇಡಿ. ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತಕಣದ ಎಣಿಕೆ ಮಾಡಿಸಬೇಕು. ಮಳೆಗಾಲದಲ್ಲಿ ಊರಿಗೆ ಊರೇ ನೆಗಡಿಯಲ್ಲಿ ಇರುವಾಗ ಇದು ಕಿರಿಕಿರಿಯೇ. ನಾನು ಹಾಗೆ ಮೂರು ಸಲ ಓಡಿದ್ದೇನೆ, ಮೂರು ಸಲವೂ ಸುಮ್ನೆ ನೆಗಡಿ. ನಾಲ್ಕನೇ ಸಲವಾದರೂ ಓಡುತ್ತಿದ್ದೆ. ಕಣ್ಣು ಹಳದಿಯಾದರೂ ಇದೇ ನಿಯಮ.

ನಾಲ್ಕನೆಯ ದಾರಿಯೂ ಒಂದುಂಟು, ಹೆಚ್ಚಿನವರಿಗೆ ಗೊತ್ತಿಲ್ಲ. ನಿಲ್ಲಿಸದೆ, ದಿನಕ್ಕೆ 2.5 ಅಥವಾ 5 ಮಿಲಿಗ್ರಾಂನಷ್ಟು ಸಣ್ಣ ಡೋಸ್ ವರ್ಷಗಟ್ಟಲೆ ಮುಂದುವರಿಸುವುದು. ಮೈಗೆ ಹಿಡಿಸಿದವರಿಗೆ ಇದೂ ಈಗ ಒಪ್ಪಿತ ಮಾರ್ಗವೇ. ಮರಳಿ ಬಂದವರೆಲ್ಲ ಗ್ರಂಥಿ ಸುಡಿಸಲೇಬೇಕು ಅಂತಿಲ್ಲ.

ರೇಡಿಯೋ ಅಯೋಡಿನ್

ಹೆಸರು ಕೇಳಿಯೇ ನಮ್ಮ ಮನೆಯಲ್ಲಿ ಅರ್ಧ ಜನ ಹೆದರಿದರು. ಆಸ್ಪತ್ರೆಯಲ್ಲಿ ನಡೆದದ್ದು ಐದು ನಿಮಿಷದ ಕೆಲಸ. ಸೀಸದ ಡಬ್ಬಿಯಿಂದ ಒಂದು ಕ್ಯಾಪ್ಸೂಲ್ ಬಂತು, ನೀರು ಕುಡಿದು ನುಂಗಿದೆ, ಮುಗಿಯಿತು. ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಎಂದರೆ ಹಸಿವು. ಬಂದದ್ದನ್ನೆಲ್ಲ ಎಳೆದುಕೊಳ್ಳುತ್ತದೆ, ಈ ವಿಕಿರಣದ ಅಯೋಡಿನ್ನನ್ನೂ. ಎಳೆದುಕೊಂಡ ಕೋಶಗಳು ನಿಧಾನಕ್ಕೆ ಸಾಯುತ್ತವೆ. 1941ರಲ್ಲಿ ಬಾಸ್ಟನ್ನಿನಲ್ಲಿ ಸಾಲ್ ಹರ್ಟ್ಜ್ ಎಂಬ ಡಾಕ್ಟರ್ ಇದನ್ನು ಮೊದಲು ರೋಗಿಗೆ ಕೊಟ್ಟದ್ದು. ಎಂಬತ್ತು ವರ್ಷ ದಾಟಿದ ಚಿಕಿತ್ಸೆ, ಪ್ರಯೋಗವಲ್ಲ. ಕೀಮೋ ಹಾಗೆ ಕೂದಲು ಉದುರುವುದಿಲ್ಲ, ವಾಂತಿಯೂ ಇಲ್ಲ.

ನುಂಗುವುದು ಸುಲಭ, ಆಮೇಲಿನ ದಿನಗಳು ಕಷ್ಟ. ಕೆಲವು ದಿನದಿಂದ ಕೆಲವು ವಾರದವರೆಗೆ ಮಕ್ಕಳು, ಬಸುರಿಯರಿಂದ ದೂರ ಇರಬೇಕು. ಎಷ್ಟು ದಿನ ಎನ್ನುವುದು ಡೋಸಿನ ಮೇಲೆ, ಅಲ್ಲೇ ಬರೆದುಕೊಡುತ್ತಾರೆ. ಬೇರೆ ಹಾಸಿಗೆ, ಶೌಚಾಲಯಕ್ಕೆ ಎರಡೆರಡು ಸಲ ಫ್ಲಶ್, ಬಟ್ಟೆ ಪಾತ್ರೆ ಬೇರೆ. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಎರಡು ವಾರಕ್ಕೆ ಕಾರ್ಕಳದ ತವರಿಗೆ ಕಳಿಸಿದೆ. ಹತ್ತನೇ ದಿನ ಹಟ ಮಾಡಿ ಅಜ್ಜನ ಜೊತೆ ಬಂದಳು. ಅವಳು ತುಳಸಿಕಟ್ಟೆಯ ಆಚೆ, ನಾನು ಜಗಲಿಯಲ್ಲಿ. ಕೈಯಲ್ಲಿದ್ದ ಚಿತ್ರವನ್ನು ಕಟ್ಟೆಯ ಮೇಲಿಟ್ಟು, ಅವಳು ಹಿಂದೆ ಸರಿದ ಮೇಲೆ ನಾನು ಹೋಗಿ ತೆಗೆದುಕೊಂಡೆ. ನೋವಿಗಿಂತ ಅದೇ ಕಷ್ಟವಾದದ್ದು. ಒಂದೇ ಕೋಣೆ, ಒಂದೇ ಬಚ್ಚಲು ಇರುವ ಮನೆಯವರು, ಹೆರಿಗೆಗೆ ಬಂದ ನಾದಿನಿ ಮನೆಯಲ್ಲಿರುವವರು ತಾರೀಖು ಹಿಡಿಯುವ ಮೊದಲು ಇದನ್ನು ಯೋಚಿಸಬೇಕು.

ಯಾರಿಗೆ ಆಗದು? ಬಸುರಿಯರಿಗೆ, ಹಾಲೂಡಿಸುವವರಿಗೆ ಖಂಡಿತ ಆಗದು. ಹೆಂಗಸರು ಆಮೇಲೆ ಕನಿಷ್ಠ ಆರು ತಿಂಗಳು ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಬೇಕು, ಗಂಡಸರೂ ಮೂರು ನಾಲ್ಕು ತಿಂಗಳು ಕಾಯಬೇಕು. ಗ್ರೇವ್ಸ್ ಕಾಯಿಲೆಯಿಂದ ಕಣ್ಣಿಗೆ ಬರುವ ತೊಂದರೆ (ಉಬ್ಬು, ಉರಿ, ಎರಡಾಗಿ ಕಾಣುವುದು) ಜೋರಿದ್ದರೆ ಇದು ಬೇಡ. ಅಯೋಡಿನ್ ಆದ ಮೇಲೆ ಕಣ್ಣು ಬಿಗಡಾಯಿಸಬಹುದು, ಸೇದುವವರಿಗೆ ಇನ್ನೂ ಜಾಸ್ತಿ. ತೊಂದರೆ ಸಣ್ಣದಿದ್ದರೆ ಸ್ಟೀರಾಯ್ಡ್ ರಕ್ಷಣೆ ಕೊಟ್ಟು ಮಾಡುವುದುಂಟು.

ಫಲ ಕಾಣಲು ಎರಡು ಮೂರು ತಿಂಗಳು ಬೇಕು, ಕೆಲವರಿಗೆ ಆರು. ಅಲ್ಲಿಗೂ ಇಳಿಯದಿದ್ದರೆ ಎರಡನೇ ಡೋಸ್. ಕೊನೆಗೆ ಹೆಚ್ಚಿನವರ ಥೈರಾಯ್ಡ್ ಕಡಿಮೆಗೆ ಇಳಿಯುತ್ತದೆ. ಡಾಕ್ಟರುಗಳು ಅದನ್ನು ಸೋಲು ಅಂತ ನೋಡುವುದಿಲ್ಲ, ಆಗಬೇಕಾದದ್ದೇ ಅದು. ಕ್ಯಾನ್ಸರ್ ಬಗ್ಗೆ ನಾನೂ ಕೇಳಿದ್ದೆ. ಅಧ್ಯಯನಗಳು ಬೇಕಾದಷ್ಟು ನಡೆದಿವೆ, ಅಪಾಯ ಇದ್ದರೂ ತೀರಾ ಸಣ್ಣದು ಎಂದರು.

ಗಲ್ಫಿನಲ್ಲಿ ಇರುವವರಿಗೆ ಒಂದು ಮಾತು. ರಜೆಯಲ್ಲಿ ಬಂದು ಮುಗಿಸಿ ಹೋಗಲು ಇದು ಅನುಕೂಲ. ಆದರೆ ಕೆಲವು ವಾರಗಳ ನಂತರವೂ ವಿಮಾನ ನಿಲ್ದಾಣದ ವಿಕಿರಣ ಪತ್ತೆ ಯಂತ್ರ ಕೂಗಬಹುದು. ಆಸ್ಪತ್ರೆಯ ಪತ್ರ ಬ್ಯಾಗಿನಲ್ಲಿ ಇಟ್ಟುಕೊಳ್ಳಿ.

ಆಪರೇಷನ್

ಗ್ರಂಥಿ ದೊಡ್ಡದಾಗಿ ಉಸಿರೋ ನುಂಗುವುದೋ ಕಷ್ಟವಾಗಿದ್ದರೆ, ಕ್ಯಾನ್ಸರ್ ಸಂಶಯ ಇದ್ದರೆ, ಕಣ್ಣು ಜೋರಾಗಿ ಹಾಳಾಗಿದ್ದರೆ, ಬೇಗ ಮಗು ಬೇಕಿದ್ದರೆ ಇದರದ್ದೇ ಮೇಲುಗೈ. ಮೂರರಲ್ಲಿ ಎಲ್ಲಕ್ಕಿಂತ ಬೇಗ ಮುಗಿಯುವುದು ಇದೇ. ನಮ್ಮ ಅಕ್ಕ ಎರಡು ವರ್ಷ ಎರಡು ದಿಂಬು ಇಟ್ಟು ಒರಗಿ ಮಲಗಿದವಳು, ಆಪರೇಷನ್ ಆಗಿ ಮೂರನೇ ರಾತ್ರಿ ಚಪ್ಪಟೆ ಮಲಗಿದಳು.

ಆದರೆ ಎರಡನೇ ದಿನ ತುಟಿ, ಬೆರಳ ತುದಿ ಜುಮುಗುಟ್ಟಿತು. ಥೈರಾಯ್ಡ್ ಬೆನ್ನಿಗೆ ಅಂಟಿಕೊಂಡ ನಾಲ್ಕು ಪುಟ್ಟ ಗ್ರಂಥಿಗಳು ಕ್ಯಾಲ್ಸಿಯಂ ನೋಡಿಕೊಳ್ಳುತ್ತವೆ. ಅವಕ್ಕೆ ಪೆಟ್ಟು ತಗುಲಿದರೆ ಕ್ಯಾಲ್ಸಿಯಂ ಇಳಿಯುತ್ತದೆ. ಹೆಚ್ಚಿನವರಿಗೆ ಕೆಲವು ವಾರದಲ್ಲಿ ಸರಿಹೋಗುತ್ತದೆ, ಕೆಲವರಿಗೆ ಶಾಶ್ವತ. ಧ್ವನಿಯ ನರವೂ ಅಲ್ಲೇ ಹಾದುಹೋಗುತ್ತದೆ. ಪಳಗಿದ ಕೈಯಲ್ಲಿ ಅದಕ್ಕೆ ಶಾಶ್ವತ ಪೆಟ್ಟಾಗುವುದು ನೂರಕ್ಕೆ ಒಂದರ ಆಸುಪಾಸು. ಪಳಗದ ಕೈಯಲ್ಲಿ ಜಾಸ್ತಿ. ಹಾಗಾಗಿ ಸರ್ಜನ್ನರನ್ನು ಸಂಕೋಚ ಬಿಟ್ಟು ಕೇಳಿ: ವರ್ಷಕ್ಕೆ ಎಷ್ಟು ಥೈರಾಯ್ಡ್ ಆಪರೇಷನ್ ಮಾಡುತ್ತೀರಿ? ವರ್ಷಕ್ಕೆ 25ಕ್ಕಿಂತ ಜಾಸ್ತಿ ಮಾಡುವವರಲ್ಲಿ ತೊಂದರೆ ಕಡಿಮೆ ಎಂಬ ಲೆಕ್ಕ ಉಂಟು. ಮಂಗಳೂರು, ದೇರಳಕಟ್ಟೆ, ಮಣಿಪಾಲದಂತಹ ಮೆಡಿಕಲ್ ಕಾಲೇಜುಗಳ ಊರಿನಲ್ಲಿ ಇದ್ದು ಈ ಪ್ರಶ್ನೆ ಕೇಳದಿದ್ದರೆ ನಮ್ಮದೇ ತಪ್ಪು. ಗಾಯದ ಗುರುತಿನ ಬಗ್ಗೆ ಅಕ್ಕ ತುಂಬಾ ಅತ್ತಿದ್ದಳು. ಈಗ ಕರಿಮಣಿ ಸರದ ಅಡಿಯಲ್ಲಿ ಹುಡುಕಬೇಕು.

ಒಂದು ಎಚ್ಚರ. ಹಾರ್ಮೋನ್ ಜಾಸ್ತಿ ಇರುವಾಗಲೇ ಕತ್ತಿ ಹಾಕಿದರೆ ಜೀವಕ್ಕೇ ಅಪಾಯ. ಮೊದಲು ಮಾತ್ರೆಯಲ್ಲಿ ಹದಕ್ಕೆ ತರಬೇಕು. ಅಂದರೆ ಆಪರೇಷನ್ ಆರಿಸಿದರೂ ಕೆಲವು ವಾರ ಕಾರ್ಬಿಮಜೋಲ್ ತಪ್ಪಿದ್ದಲ್ಲ.

ಖರ್ಚಿನ ಮಾತು

ತಿಂಗಳ ಲೆಕ್ಕದಲ್ಲಿ ಕಾರ್ಬಿಮಜೋಲ್ ಅಗ್ಗ. ಆದರೆ ಹದಿನೆಂಟು ತಿಂಗಳ ಪರೀಕ್ಷೆ, ಬಸ್ಸು, ಅರ್ಧ ದಿನದ ರಜೆ ಕೂಡಿಸಿ ನೋಡಿ. ನಾನು ಲೆಕ್ಕದವಳು, ಕೂಡಿಸಿದ್ದೆ. ಮಾತ್ರೆಗಿಂತ ಪರೀಕ್ಷೆಗೆ ಹೋದದ್ದೇ ಜಾಸ್ತಿ. ಆಪರೇಷನ್ನಿಗೆ ಒಮ್ಮೆಲೇ ದೊಡ್ಡ ಮೊತ್ತ ಬೇಕು. ಅಯೋಡಿನ್ ಎರಡರ ನಡುವೆ. ಅದು ಎಂಟು ದಿನಕ್ಕೆ ಅರ್ಧ ಶಕ್ತಿ ಕಳೆದುಕೊಳ್ಳುವ ವಸ್ತು, ಅಂಗಡಿ ಸಾಮಾನಿನ ಹಾಗೆ ಇಟ್ಟುಕೊಳ್ಳಲಾಗದು. ಮೊದಲೇ ಹೇಳಿ ತರಿಸಬೇಕು. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಇರುವ ಕಡೆ ಮಾತ್ರ ಸಿಗುತ್ತದೆ. ಮಣಿಪಾಲದಲ್ಲಿ ಉಂಟು. ಬೇರೆ ಕಡೆ ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರು ಪ್ಯಾಕೇಜಿನ ಶೇಕಡಾ 30ರಷ್ಟು, 1.5 ಲಕ್ಷದ ಮಿತಿಯಲ್ಲಿ ನೆರವು ಪಡೆಯಬಹುದು. ಮಂಗಳೂರಿನವರು ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ನಲ್ಲಿ, ಉಡುಪಿಯವರು ಜಿಲ್ಲಾಸ್ಪತ್ರೆಯಲ್ಲಿ ಮೊದಲು ತೋರಿಸಿ, ನಿಮ್ಮ ಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿ ಉಂಟಾ, ರೆಫರಲ್ ಬೇಕಾ ಅಂತ ವಿಚಾರಿಸಿ.

ಅಯೋಡಿನ್, ಆಪರೇಷನ್ ಆದವರು ಆಮೇಲೆ ತಿನ್ನುವ ಥೈರಾಕ್ಸಿನ್ ಮಾತ್ರೆ ಅಗ್ಗದ್ದೇ. ಡೋಸ್ ಕೂತ ಮೇಲೆ ವರ್ಷಕ್ಕೆ ಒಂದೆರಡು ಪರೀಕ್ಷೆ ಸಾಕು. ಅದರ ಕಷ್ಟ ಬೇರೆ: ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಕಾಫಿ ಇಲ್ಲ. ಉಡುಪಿಯವಳಿಗೆ ಇದು ಶಿಕ್ಷೆಯೇ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ನಾಲ್ಕು ಗಂಟೆ ಬಿಟ್ಟು.

ಯಾವ ದಾರಿಯಾದರೂ ಇವು ತಪ್ಪವು

ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತಿನ್ನುವವರು ಗಮನಿಸಿ. ಒಂದು ಸಲ ನನ್ನ ರಿಪೋರ್ಟಿನಲ್ಲಿ ಟಿಎಸ್ಎಚ್ ಮತ್ತೆ ನೆಲಕಚ್ಚಿತ್ತು, ಟಿ4 ಏರಿತ್ತು. ನನಗೆ ಮಾತ್ರ ನಡುಕ ಇಲ್ಲ, ಬೆವರಿಲ್ಲ. ಡೋಸ್ ಬದಲಾಯಿಸಲು ಪೆನ್ ತೆಗೆದ ಡಾಕ್ಟರು ಸುಮ್ನೆ ಕೇಳಿದರು, "ಕೂದಲಿಗೆ ಏನಾದರೂ ತಿನ್ನುತ್ತಿದ್ದೀರಾ?" ಬಯೋಟಿನ್ ಕೆಲವು ಯಂತ್ರಗಳಲ್ಲಿ ಪರೀಕ್ಷೆಯನ್ನೇ ದಾರಿ ತಪ್ಪಿಸುತ್ತದೆ. ನಿಲ್ಲಿಸಿ ವಾರ ಬಿಟ್ಟು ಮತ್ತೆ ನೋಡಿದರೆ ಎಲ್ಲ ಸರಿ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಿಡಬೇಕು.

ಅಯೋಡಿನ್ ಉಪ್ಪು ಬಿಟ್ಟು ಕಲ್ಲುಪ್ಪಿಗೆ ಹೋಗಬೇಕಿಲ್ಲ. ಮನೆಯ ಮಕ್ಕಳಿಗೆ ಅದು ಬೇಕು. ಬಂಗುಡೆ, ಬೂತಾಯಿಯೂ ಬಿಡಬೇಕಿಲ್ಲ. ಅಯೋಡಿನ್ ಚಿಕಿತ್ಸೆಗೆ ಮೊದಲು ಪಥ್ಯ ಹೇಳಿದರೆ ಅಷ್ಟು ದಿನ ಮಾತ್ರ. ಬಿಡಬೇಕಾದದ್ದು ಕಡಲಕಳೆಯ ಮಾತ್ರೆ, ಮತ್ತೆ ಅಶ್ವಗಂಧ. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ಸಿಟಿ ಸ್ಕ್ಯಾನಿಗೆ ಚುಚ್ಚುವ ಬಣ್ಣದಲ್ಲೂ ಅಯೋಡಿನ್ ಇರುತ್ತದೆ, ಮೊದಲೇ ಹೇಳಿ.

ಗಂಡಸರಿಗೆ ಒಂದು ವಿಷಯ. ಗಡದ್ದಾಗಿ ಊಟ ಮಾಡಿ ಮಲಗಿ, ಬೆಳಿಗ್ಗೆ ಕಾಲು ಎತ್ತಲಾಗದೆ ಹೋದರೆ ಲಕ್ವ ಎಂದುಕೊಂಡು ಎಣ್ಣೆ ತಿಕ್ಕುತ್ತಾ ಕೂರಬೇಡಿ. ಥೈರಾಯ್ಡ್ ಜಾಸ್ತಿ ಇರುವ ಕೆಲವು ಏಷ್ಯಾದ ಗಂಡಸರಿಗೆ ರಕ್ತದಲ್ಲಿ ಪೊಟ್ಯಾಸಿಯಂ ದಿಢೀರ್ ಕುಸಿದು ಹೀಗಾಗುತ್ತದೆ. ನೇರ ಆಸ್ಪತ್ರೆಗೆ.

ಆ ಮೂವರಿಗೆ

ಬೋಟಿನವರಿಗೆ ಗ್ರೇವ್ಸ್, ಕಣ್ಣು ಚೊಕ್ಕ ಇದೆ. ಹತ್ತು ದಿನ ಸಮುದ್ರದಲ್ಲಿ ಇರುವವರಿಗೆ ಐದನೇ ದಿನ ಜ್ವರ ಬಂದರೆ ರಕ್ತ ಪರೀಕ್ಷೆ ಎಲ್ಲಿ? ಹಾಗಾಗಿ ವರ್ಷಗಟ್ಟಲೆ ಮಾತ್ರೆ ಅವರಿಗೆ ಸರಿಯಲ್ಲ ಎನಿಸಿತು. ಡಾಕ್ಟರೂ ಒಪ್ಪಿದ್ದಾರೆ. ಈಗ ದಡದಲ್ಲಿ ಬಲೆ ರಿಪೇರಿ ಕೆಲಸ ಮಾಡುತ್ತಾ ಮಾತ್ರೆ ತಿನ್ನುತ್ತಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ ಹೇಗೂ ಮೀನುಗಾರಿಕೆಗೆ ರಜೆ. ಜೂನ್ ಮೊದಲ ವಾರಕ್ಕೆ ಅಯೋಡಿನ್ ನಿಗದಿಯಾಗಿದೆ. ಬೀಡಿ ಬಿಡಬೇಕೆಂಬ ಷರತ್ತು ಹೆಂಡತಿಯದು.

ಹುಡುಗಿಗೆ ಕಣ್ಣು ಸ್ವಲ್ಪ ಉಬ್ಬಿದೆ, ಮದುವೆಯಾಗಿ ಬೇಗ ಮಗು ಬೇಕಂತೆ. ಅಯೋಡಿನ್ ಬದಿಗಿಡು ಎಂದೆ. ಮಾತ್ರೆಯಲ್ಲೇ ಇರುವುದಾದರೆ ಗರ್ಭ ನಿಲ್ಲುವ ಮೊದಲೇ ಡಾಕ್ಟರ ಹತ್ತಿರ ಮಾತಾಡಬೇಕು. ಕಾರ್ಬಿಮಜೋಲ್ ಮೊದಲ ಮೂರು ತಿಂಗಳಲ್ಲಿ ಮಗುವಿಗೆ ತೊಂದರೆ ಮಾಡಬಹುದು, ಆ ಹೊತ್ತಿಗೆ ಪಿಟಿಯು ಎಂಬ ಇನ್ನೊಂದು ಮಾತ್ರೆಗೆ ಬದಲಾಯಿಸುತ್ತಾರೆ. ಅದು ಕೆಲವೊಮ್ಮೆ ಯಕೃತ್ತಿಗೆ ಏಟು ಕೊಡುವುದರಿಂದ ಉಳಿದ ಹೊತ್ತಿನಲ್ಲಿ ಕೊಡುವುದು ಕಡಿಮೆ. ಈ ಗೊಡವೆಯೇ ಬೇಡ ಎಂದರೆ ಮದುವೆಗೆ ಮೊದಲು ಆಪರೇಷನ್. ಹುಡುಗನಿಗೆ ಹೇಳಬೇಕಾ ಅಂತ ಕೇಳಿದಳು. ಹೇಳು, ಮಾತ್ರೆ ಡಬ್ಬಿ ಅಡಗಿಸಿಟ್ಟು ಸಂಸಾರ ಮಾಡಲಾಗುತ್ತದಾ ಎಂದೆ. ಹೇಳಿದಳಂತೆ. ಅವನ ಅಮ್ಮನಿಗೂ ಥೈರಾಯ್ಡ್!

ಭಾಗವತರದ್ದು ಗಂಟಿನ ಥೈರಾಯ್ಡ್. ಮಾತ್ರೆಯಿಂದ ಗುಣವಾಗದು, ಆಪರೇಷನ್ನಿಗೆ ಧ್ವನಿಯ ಭಯ. ಒತ್ತಡ ಅಷ್ಟೊಂದಿಲ್ಲ, ಮನೆಯಲ್ಲಿ ಚಿಕ್ಕ ಮಕ್ಕಳೂ ಇಲ್ಲ. ಅಯೋಡಿನ್ ಕಡೆ ವಾಲುತ್ತದೆ ನನ್ನ ತಕ್ಕಡಿ. ಆದರೆ ಗಂಟು ಪೂರ್ತಿ ಕರಗುವುದಿಲ್ಲ, ಸ್ವಲ್ಪ ಕುಗ್ಗುತ್ತದೆ ಅಷ್ಟೇ. ಗಂಟು ಬೆಳೆದರೆ ಆಪರೇಷನ್ ಮಾತು ಮತ್ತೆ ಬರಬಹುದು ಎಂದು ಡಾಕ್ಟರು ಹೇಳಿದ್ದಾರಂತೆ. ಯಾವುದಕ್ಕೂ ಒಮ್ಮೆ ಇಎನ್‌ಟಿಯವರ ಹತ್ತಿರ ಧ್ವನಿಪೆಟ್ಟಿಗೆ ನೋಡಿಸಿಕೊಂಡಿರಿ ಎಂದೆ. ತಲೆಯಾಡಿಸಿದರು. "ಪತ್ತನಾಜೆ ಕಳೆಯಲಿ ಮಾರಾಯ್ರೇ, ಮೇಳ ಒಳಗಾದ ಮೇಲೆ ನೋಡುವ" ಎಂದು ಚೆಂಡೆಯವರ ಕಾರು ಹತ್ತಿದರು. ಪತ್ತನಾಜೆ ಎಂದರೆ ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ದಿನ. ಆ ರಾತ್ರಿ ಆಟ ಕಟೀಲಿನ ಹತ್ತಿರ ಎಲ್ಲೋ ಇತ್ತು. ಮಾತ್ರೆ ಡಬ್ಬಿ ಜುಬ್ಬಾದ ಜೇಬಿನಲ್ಲಿ.